ಆರೋಗ್ಯವಂತರ ಪಟ್ಟಿ

ಕಾರಟಗಿ
14 ಡಿಸೆಂಬರ್ 2024

ಮಗಳಂಥ ಪ್ರೀತಿಯ ಸೊಸೆ ಅಮೃತಾಗೆ,

ಹೇಗಿದ್ದೀಯಮ್ಮ? ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ? ಆನೆಗೊಂದಿಯಲ್ಲಿ ಬೀಗರಿಬ್ಬರೂ ಕ್ಷೇಮವೇ? ಬಾಳೆತೋಟದ ಮಂಗಗಳೊಡನೆ ನಿನ್ನ ಅಪ್ಪನ ಯುದ್ಧ ಮುಗಿಯಿತೇ? ಫೋನಿನಲ್ಲಿ ಮಾವನ ದನಿ ಕೇಳಿದರೆ ನಿನ್ನ ಎದೆ ಹೊಡೆದುಕೊಂಡೀತೆಂದು ಬರೆಯುತ್ತಿದ್ದೇನೆ. ಬಸವಕುಮಾರ ಪ್ರತಿ ಭಾನುವಾರ ನಿನ್ನನ್ನು ನೋಡಿ ಬರುತ್ತಾನೆ. “ಗುಳಿಗಿ ಮತ್ತ ಶುರು ಮಾಡ್ಯಾಳ, ಆರಾಮ ಅದಾಳ” ಎಂದಷ್ಟೇ ಹೇಳಿ ಒಳಗೆ ಹೋಗುತ್ತಾನೆ. ಹೆತ್ತ ಅಪ್ಪನಾದ ನನ್ನ ಮೇಲೆ ಅವನ ಸಿಟ್ಟು ನ್ಯಾಯದ್ದೇ.

ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಭತ್ತ ನೋಡಿದವನು ನಾನು. ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಕಾಳು ತೆಗೆದು, ಒಂದನ್ನು ಹಲ್ಲಿನಲ್ಲಿ ಕಡಿದರೆ ಇಡೀ ಲಾರಿಯ ತೇವ ಹೇಳಿಬಿಡುತ್ತೇನೆ. ಆ ಸೊಕ್ಕಿನಲ್ಲೇ ನಿನ್ನ ರಕ್ತದ ರಿಪೋರ್ಟನ್ನೂ ನೋಡಿದೆ. ಸಕ್ಕರೆ ಸರಿ, ಥೈರಾಯ್ಡ್ ಸರಿ, ರಕ್ತದ ಅಂಶವೂ ಹನ್ನೆರಡು. “ರಿಪೋರ್ಟಿನಾಗ ಏನೂ ಇಲ್ಲ, ಮತ್ತ ಈ ಗುಳಿಗಿ ಯಾಕ?” ಎಂದು, ಗಂಗಾವತಿಯ ಡಾಕ್ಟರಮ್ಮ ಖಿನ್ನತೆಗೆಂದು ಕೊಟ್ಟಿದ್ದ ಗುಳಿಗೆಗಳನ್ನು ನಿನ್ನ ಕೈಯಿಂದ ಕಸಿದು ಮೋರಿಗೆ ಎಸೆದೆ. ಮೂರು ವಾರದಲ್ಲಿ ನೀನು ಹಾಸಿಗೆ ಬಿಟ್ಟು ಏಳದಾದೆ. ನಿನ್ನ ಅಪ್ಪ ಬಂದು ಕರೆದೊಯ್ದರು.

ಹೋದ ವಾರ ಅದೇ ಡಾಕ್ಟರಮ್ಮ ಒಂದು ಸಂಶೋಧನೆ ನಡೆಸುತ್ತಿರುವುದು ಗೊತ್ತಾಯಿತು. ಖಿನ್ನತೆ ಇರುವವರ ರಕ್ತದಲ್ಲಿ ಏನಾದರೂ ಗುರುತು ಸಿಗುತ್ತದೆಯೇ ಎಂದು ಹುಡುಕುತ್ತಾರಂತೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಂತೆ. ನಾನಿದ್ದೇನಲ್ಲ ಎಂದು ಬೆಳಗಿನ ಚಹಾ ಕೂಡ ಕುಡಿಯದೆ, ಒಗೆದ ಧೋತರ ಉಟ್ಟು ಹೋದೆ. ನಿಜ ಹೇಳಲೇ? ಗುರುತು ಸಿಕ್ಕರೆ ನಿನ್ನ ರೋಗವನ್ನು ನಂಬೋಣ, ಸಿಗದಿದ್ದರೆ ನಾನೇ ಸರಿ ಎಂದುಕೊಂಡಿದ್ದೆ.

ಸೂಜಿ ಚುಚ್ಚುವ ಮೊದಲು ಡಾಕ್ಟರಮ್ಮ ಪ್ರಶ್ನೆ ಕೇಳಿದರು. ನಿದ್ದೆ ಹೇಗೆ, ಊಟ ರುಚಿಸುತ್ತದೆಯೇ, ಮೊದಲು ಖುಷಿ ಕೊಡುತ್ತಿದ್ದದ್ದು ಈಗಲೂ ಕೊಡುತ್ತದೆಯೇ. ನಿನ್ನ ಅತ್ತೆ ತೀರಿಕೊಂಡು ಎರಡು ವರ್ಷ, ಅಂದಿನಿಂದ ಮೂರು ಗಂಟೆಗೇ ಎಚ್ಚರ, ಬಾಯಿಗೆ ಹಾಕಿದ್ದೆಲ್ಲ ಸಪ್ಪೆ, ಇನ್ನು ಬದುಕಿ ಏನು ಮಾಡಬೇಕೆಂದು ದಿನಾ ಅನ್ನಿಸುತ್ತದೆ, ವಯಸ್ಸಾಯಿತಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು. “ನಿಮ್ಮನ್ನ ಆರೋಗ್ಯವಂತರ ಪಟ್ಟಿಗೆ ಸೇರ್ಸಾಕ ಬರಂಗಿಲ್ರಿ” ಎಂದರು. ರಕ್ತ ನೋಡದೆ ಹೇಗೆ ಹೇಳುತ್ತೀರೆಂದು ಜಗಳ ತೆಗೆದೆ. ರಕ್ತ ನೋಡಿ ಇದನ್ನು ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ, ಅದಕ್ಕೇ ಈ ಹುಡುಕಾಟ, ಸದ್ಯಕ್ಕೆ ನೋವುಂಡವರ ಮಾತನ್ನೇ ಕೇಳಬೇಕು ಎಂದರು. ನೀನು ಹೇಳಿದ್ದೆ ಅಮೃತಾ, ನಾನು ಕೇಳಲಿಲ್ಲ. ತಪ್ಪಾಯಿತಮ್ಮ.

ಬೀಗರಿಗೆ ಶರಣು ತಿಳಿಸು. ನಿನಗೆ ಮನಸ್ಸಾದಾಗ ಬಾ. ಬಾರದಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಮಾವ
ಅಮರಪ್ಪ

ತಾ.ಕ.: ನನಗೂ ಗುಳಿಗೆ ಬರೆದುಕೊಟ್ಟಿದ್ದಾರೆ. ನಾಲ್ಕು ದಿನದಿಂದ ಅಂಗಿಯ ಜೇಬಿನಲ್ಲೇ ಇವೆ. ನುಂಗಲು ಹೆದರಿಕೆ, ಬಸವಕುಮಾರನಿಗೆ ಹೇಳಲು ನಾಚಿಕೆ. ಮೊದಲ ದಿನ ನಿನಗೆ ಹೇಗಾಗಿತ್ತು? ಒಂದು ಫೋನ್ ಮಾಡುತ್ತೀಯಾ? ನೀನು ನುಂಗು ಎಂದರೆ ನುಂಗುತ್ತೇನೆ.