ಬಲಗಿವಿಯ ಮೇಲಿನ ಬಿಲ್ಲೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 9.10

ಇಪ್ಪತ್ಮೂರು ತಲೆ. ಎಣಿಸಿದ್ದಾಯಿತು, ಶಾಲೆಯೊಳಗೆ ಬಿಟ್ಟಿದ್ದೂ ಆಯಿತು. ಡ್ರೈವರ್ ಟೀ ಕುಡಿಯಲು ಹೋಗಿದ್ದಾನೆ. ಖಾಲಿ ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ. ಈ ಆಯಾ ಕೆಲಸದಲ್ಲಿ ಮಕ್ಕಳ ಮುಖಕ್ಕಿಂತ ಬೈತಲೆಯೇ ಹೆಚ್ಚು ಕಾಣುವುದು.

ಗುಬ್ಬಿ ದಾರಿಯುದ್ದಕ್ಕೂ ತಲೆ ಕೆರೆಯುತ್ತಿದ್ದಳು. ಒಂದನೇ ಕ್ಲಾಸು, ಬಾಗಿಲ ಪಕ್ಕದ ಸೀಟು, ಹತ್ತಿದಾಗಿನಿಂದ ಇಳಿಯುವವರೆಗೆ ಚಿಲಿಪಿಲಿ. ಅದಕ್ಕೇ ನಾನಿಟ್ಟ ಹೆಸರು. ಬಗ್ಗಿ ನೋಡಿದೆ. ಬಲಗಿವಿಯ ಮೇಲೆ ಒಂದು ಬಿಲ್ಲೆ. ಗುಂಡಗೆ. ಬೂದಿ ಉದುರಿಸಿದ ಹಾಗೆ ಹೊಟ್ಟು. ಕೂದಲು ಬುಡದಲ್ಲೇ ಮುರಿದಿದೆ, ಕಪ್ಪು ಚುಕ್ಕೆ ಇಟ್ಟಂತೆ.

ತಲೆಹೊಟ್ಟಲ್ಲ. ಹೊಟ್ಟಾದರೆ ತಲೆ ತುಂಬ ಇರುತ್ತದೆ, ಕೂದಲು ಹೀಗೆ ತುಂಡಾಗುವುದಿಲ್ಲ. ಹುಳುಕಡ್ಡಿ.

ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಏಳನೇ ವಯಸ್ಸಿನಲ್ಲಿ ನನಗೂ ಶುರುವಾಗಿದ್ದು ಹೀಗೇ. ಇವತ್ತಿಗೂ ನೆತ್ತಿಯಲ್ಲಿ ಅಂಗೈಯಗಲ ಬೋಳು. ಸ್ಕಾರ್ಫ್ ಇಲ್ಲದೆ ಹೊಸಿಲು ದಾಟಿದವಳಲ್ಲ.

ಫೆಬ್ರವರಿ 4, ಮಂಗಳವಾರ

ಸಂಜೆ ಗುಬ್ಬಿಯ ತಾಯಿಗೆ ಹೇಳಿದೆ. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೆಲಸ ಅವಳಿಗೆ, ದಿನವೂ ಓಡಿಕೊಂಡೇ ಬರುವುದು.

"ಮೇಡಂ, ಪಾಪು ತಲೆಯಲ್ಲಿ ಹುಳುಕಡ್ಡಿ ಥರ ಇದೆ. ಡಾಕ್ಟರಿಗೆ ತೋರಿಸಿ."

"ಹೊಟ್ಟು ಅಷ್ಟೇ. ಎಣ್ಣೆ ಹಚ್ಚಿಲ್ಲ."

"ಹೊಟ್ಟಾದ್ರೆ ಕೂದಲು ಮುರಿಯಲ್ಲ ಮೇಡಂ…"

"ಅಂದ್ರೆ? ನಾವು ಮಗೂನ ಅಷ್ಟು ಗಲೀಜಾಗಿ ಇಟ್ಕೊಂಡಿದೀವಾ?"

ಹಿಂದೆ ಇಬ್ಬರು ತಾಯಂದಿರು ನಿಂತಿದ್ದರು. ಒಬ್ಬಳು ತನ್ನ ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು. ಆಗ ಹೊಳೆಯಿತು, ಎಲ್ಲರೆದುರು ಬಾಯಿ ಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳ.

ಫೆಬ್ರವರಿ 5, ಬುಧವಾರ

ಶಾಲೆಯ ಆಫೀಸಿಗೆ ಕರೆಸಿದರು. ದೂರು ಬಂದಿದೆ. ಇನ್ನೊಮ್ಮೆ ಹೀಗಾದರೆ ನನ್ನ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ.

ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಅಕ್ಕಾ, ನಿಮ್ಮನ್ನ ಇಟ್ಟಿರೋದು ತಲೆ ಎಣಿಸೋಕೆ. ತಲೆಯಲ್ಲಿ ಏನಿದೆ ಅಂತ ನೋಡೋಕಲ್ಲ" ಎಂದ. ನಗಿಸಲು ಹೇಳಿದ್ದು. ನಗು ಬರಲಿಲ್ಲ.

ಫೆಬ್ರವರಿ 10, ಸೋಮವಾರ

ಗುಬ್ಬಿಗೆ ಟೋಪಿ. "ಅಮ್ಮ ಕ್ರೀಮ್ ಹಚ್ಚಿದ್ಲು ಆಂಟಿ, ತುರಿಕೆ ಓಡೇ ಹೋಯ್ತು!" ಎಂದು ಟೋಪಿ ಎತ್ತಿ ತೋರಿಸಿದಳು. ಕೆರೆದು ಎದ್ದಿದ್ದ ಕೆಂಪು ಇಳಿದಿದೆ. ಬಿಲ್ಲೆ ಮಾತ್ರ ಎರಡರಷ್ಟಾಗಿದೆ. ಪಕ್ಕದಲ್ಲಿ ಇನ್ನೊಂದು ಮರಿ.

ಮಧ್ಯಾಹ್ನ ಎರಡು ಟ್ರಿಪ್ಪಿನ ನಡುವೆ ಸರ್ಕಾರಿ ಆಸ್ಪತ್ರೆಗೆ ಓಡಿದೆ. ನರ್ಸ್ ಕೂರಿಸಿ ಹೇಳಿದರು. ಇದು ಶಿಲೀಂಧ್ರ, ಬೂಷ್ಟಿನ ಜಾತಿ. ಕೂದಲಿನ ಬುಡದೊಳಗೆ ಕೂತಿರುತ್ತದೆ, ಮೇಲೆ ಹಚ್ಚಿದ್ದು ಅಲ್ಲಿಗೆ ಇಳಿಯುವುದಿಲ್ಲ. ವಾರಗಟ್ಟಲೆ ಮಾತ್ರೆ ನುಂಗಬೇಕು. ತುರಿಕೆ ನಿಲ್ಲಿಸುವ ಕೆಲವು ಕ್ರೀಮು ಹಚ್ಚಿದರೆ ರೋಗ ಅಡಗಿಕೊಂಡು ಒಳಗೊಳಗೇ ಹರಡುತ್ತದೆ. ಬಾಚಣಿಗೆ, ಟೋಪಿ, ದಿಂಬು ಎಲ್ಲ ಬೇರೆ ಇಡಬೇಕು. ಗಲೀಜಿಗೂ ಇದಕ್ಕೂ ಸಂಬಂಧವಿಲ್ಲ, ಯಾರಿಗೆ ಬೇಕಾದರೂ ಅಂಟುತ್ತದೆ.

"ಕರ್ಕೊಂಡು ಬನ್ನಿ, ಕೂದಲು ಕಿತ್ತು ಪರೀಕ್ಷೆಗೆ ಕಳಿಸೋಣ. ನೀವು ತಾಯೀನಾ?"

"ಅಲ್ಲ."

"ಹಾಗಾದ್ರೆ ತಾಯಿಗೆ ಹೇಳಿ."

ತಾಯಿಗೆ ಹೇಳಬೇಕಂತೆ.

ಫೆಬ್ರವರಿ 13, ಗುರುವಾರ

ಪಕ್ಕದ ಮಗು ಗುಬ್ಬಿಯ ಟೋಪಿ ಹಾಕಿಕೊಂಡು ಕುಣಿಯುತ್ತಿತ್ತು. ಕಸಿದುಕೊಂಡೆ. ಗುಬ್ಬಿಯನ್ನು ಮುಂದಿನ ಒಂಟಿ ಸೀಟಿಗೆ ಹಾಕಿದೆ.

"ನಾನೇನ್ ತಪ್ಪು ಮಾಡ್ದೆ ಆಂಟಿ?"

ಇಡೀ ದಾರಿ ಚಿಲಿಪಿಲಿ ಇಲ್ಲ. ನನ್ನನ್ನು ಹೀಗೇ ಗೋಡೆ ಪಕ್ಕ ಒಬ್ಬಳನ್ನೇ ಕೂರಿಸಿದ ಟೀಚರನ್ನು ನಲವತ್ತು ವರ್ಷ ಬೈದುಕೊಂಡಿದ್ದೇನೆ. ಇವತ್ತು ಅದೇ ಕೆಲಸ ನನ್ನ ಕೈಯಿಂದ.

ಫೆಬ್ರವರಿ 18, ಮಂಗಳವಾರ

ಮಾಡಿಬಿಟ್ಟೆ. ಕೆಲಸ ಹೋದರೆ ಹೋಗಲಿ.

ಸಂಜೆ ಬೇರೆ ತಾಯಂದಿರು ಹೋಗುವವರೆಗೆ ಕಾದೆ. ಗುಬ್ಬಿಯ ತಾಯಿಯನ್ನು ವ್ಯಾನಿನ ಹಿಂದಕ್ಕೆ ಕರೆದು ಸ್ಕಾರ್ಫ್ ಬಿಚ್ಚಿದೆ. ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ತಲೆ ಬಗ್ಗಿಸಿ ನಿಂತೆ.

"ನೋಡಿ ಮೇಡಂ. ನಮ್ಮಮ್ಮನೂ ಹೊಟ್ಟು ಅಂತಾನೇ ಅಂದ್ಕೊಂಡಿದ್ಲು."

ಅವಳ ಚಪ್ಪಲಿ ಮಾತ್ರ ಕಾಣುತ್ತಿತ್ತು. ಆಮೇಲೆ ಚಪ್ಪಲಿಯೂ ತಿರುಗಿ ಹೋಯಿತು.

ಫೆಬ್ರವರಿ 24, ಸೋಮವಾರ

ಇಪ್ಪತ್ತೆರಡು.

ಫೆಬ್ರವರಿ 26, ಬುಧವಾರ

ಇಪ್ಪತ್ತೆರಡು. ಆಫೀಸಿನಲ್ಲಿ ಕೇಳಿದೆ. "ಜ್ವರ" ಎಂದರು, ಅಷ್ಟೇ.

ಮಾರ್ಚ್ 5, ಬುಧವಾರ

ತಾಯಿ ಒಬ್ಬಳೇ ಬಂದಿದ್ದಳು. ಕಣ್ಣು ಬಾತಿದ್ದವು.

ಬಿಲ್ಲೆ ಇದ್ದಲ್ಲಿ ಮೆತ್ತಗೆ ಗಡ್ಡೆಯಂತೆ ಊದಿಕೊಂಡು ಕೀವು ತುಂಬಿತಂತೆ. ಕತ್ತಿನ ಹಿಂದೆ ಗಂಟು, ಜ್ವರ. ಬೀದಿ ಕೊನೆಯ ಕ್ಲಿನಿಕ್ಕಿನವನು ಕುರು ಎಂದು ಕೊಯ್ದನಂತೆ. ಮಗು ಕಿರುಚಿದ್ದು ಮೂರನೇ ಮನೆಗೆ ಕೇಳಿಸಿತಂತೆ. ದೊಡ್ಡಾಸ್ಪತ್ರೆಯಲ್ಲಿ ಚರ್ಮದ ಡಾಕ್ಟರ್ ತಲೆ ಚಚ್ಚಿಕೊಂಡರಂತೆ — ಇದನ್ನು ಕೊಯ್ಯಲೇಬಾರದಿತ್ತು, ಮಾತ್ರೆ ಕೊಡಬೇಕಿತ್ತು. ಈಗ ಎಂಟು ವಾರ ಮಾತ್ರೆ.

"ನೀವು ತೋರಿಸಿದ ಮಾರನೇ ದಿನಾನೇ ಹೋಗ್ಬೇಕು ಅಂದ್ಕೊಂಡೆ ಆಯಮ್ಮಾ. ರಜೆ ಕೊಡ್ಲಿಲ್ಲ. ಭಾನುವಾರ ಹೋಗೋಣ ಅಂದ್ಕೊಂಡೆ… ಶನಿವಾರಕ್ಕೇ ಊದ್ಕೊಂಡ್ಬಿಡ್ತು."

ಇಷ್ಟು ದಿನ ಒಳಗೊಳಗೇ ಇವಳನ್ನು ಶಪಿಸಿದ್ದೆ. ನಾಚಿಕೆಯಾಯಿತು. ಕೈ ಹಿಡಿದುಕೊಂಡೆ. ಹಿಡಿದುಕೊಂಡು ಏನು ಮಾಡಲಿ?

ಮಾರ್ಚ್ 19, ಬುಧವಾರ

ಇಪ್ಪತ್ಮೂರು. ಮಾತ್ರೆ ಶುರುವಾಗಿರುವುದರಿಂದ ಶಾಲೆಗೆ ಬರಬಹುದು ಎಂದು ಡಾಕ್ಟರ್ ಚೀಟಿ ಕೊಟ್ಟಿದ್ದಾರೆ. ಆಫೀಸಿನವರು ಎಲ್ಲ ಮಕ್ಕಳ ತಲೆಯನ್ನೂ ನೋಡಿಸಿದರು. ಸದ್ಯ, ಬೇರೆ ಯಾರಿಗೂ ಇಲ್ಲ. ಗುಬ್ಬಿ ಹಳೆಯ ಸೀಟಿಗೇ ಬಂದಳು. ಮಾತು ಕಡಿಮೆ. ತಲೆ ಮುಟ್ಟಲು ಹೋದರೆ ಕೈ ತಳ್ಳುತ್ತಾಳೆ.

ಏಪ್ರಿಲ್ 28, ಸೋಮವಾರ. ಬೆಳಿಗ್ಗೆ 11.30

ದೊಡ್ಡಾಸ್ಪತ್ರೆಯ ಬೆಂಚು. ಎಂಟು ವಾರ ಮುಗಿಯಿತು. "ಆಂಟಿ ಬಂದ್ರೆ ಮಾತ್ರ ಟೋಪಿ ತೆಗೀತೀನಿ" ಎಂದು ಗುಬ್ಬಿ ಹಟ ಹಿಡಿದಿದ್ದಳಂತೆ. ಶಾಲೆಗೆ ಬೇಸಿಗೆ ರಜೆ, ಬಂದೆ.

ಡಾಕ್ಟರ್ ದೀಪ ಹಿಡಿದು ನೋಡಿದರು. ರೋಗ ಪೂರ್ತಿ ಹೋಗಿದೆ. ಅಂಚಿನಲ್ಲಿ ಎಳೆಗೂದಲು ಚಿಗುರಿದೆ. ನಡುವೆ, ಕೊಯ್ದ ಜಾಗದ ಸುತ್ತ, ನುಣ್ಣಗೆ ಹೊಳೆಯುವ ಚರ್ಮ. ಅಲ್ಲಿ ಬೆರಳಿಟ್ಟು ನೋಡಿದ ಡಾಕ್ಟರ್ ಮಗುವನ್ನು ಹೊರಗೆ ಕಳಿಸಿ ನಮ್ಮಿಬ್ಬರಿಗೆ ಹೇಳಿದರು. ಬುಡವೇ ಸತ್ತಿದೆ. ಇಲ್ಲಿ ಇನ್ನು ಕೂದಲು ಬರುವುದಿಲ್ಲ.

ತಾಯಿ ಮುಖ ತೊಳೆದುಕೊಂಡು ಬರುತ್ತೇನೆಂದು ಹೋದಳು. ಕಾಲು ಗಂಟೆಯಾಯಿತು, ಬಂದಿಲ್ಲ.

ಗುಬ್ಬಿ ಪಕ್ಕದಲ್ಲಿ ಕಾಲಾಡಿಸುತ್ತ ಕೂತಿದ್ದಾಳೆ. "ಏನ್ ಬರೀತಿದೀರಾ?" ಎಂದಳು. ಲೆಕ್ಕ ಎಂದೆ. "ಡಾಕ್ಟರ್ ಏನಂದ್ರು ಆಂಟಿ? ಜಡೆ ಹಾಕೋವಷ್ಟು ಕೂದಲು ಯಾವಾಗ ಬರುತ್ತಂತೆ?"

ಬರೆಯುವ ನೆಪದಲ್ಲಿ ತಲೆ ಎತ್ತಿಲ್ಲ. ಪೆನ್ನು ಹಿಡಿದ ನನ್ನ ಕೈಯ ಮೇಲೆ ಅವಳ ಕೈ ಇಟ್ಟಿದ್ದಾಳೆ. ಮತ್ತೆ ಕೇಳುತ್ತಿದ್ದಾಳೆ. ಹೇಳಬೇಕಾದ್ದನ್ನು ಮೊದಲು ಇಲ್ಲೇ ಬರೆದು ನೋಡುತ್ತೇನೆ: ಪುಟ್ಟಾ, ನೋಡು, ಅಂಚಿನಲ್ಲೆಲ್ಲ ಬಂದಿದೆ, ಇನ್ನು ನಡುವೆ…