ಟೋಬಿಯಾಸ್‌ನ ತೊದಲು, ನಿಮ್ಮ ಸಂವಹನ ಕೌಶಲ

ನೇಮಕಾತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಸಂವಹನ ಕೌಶಲ ಸಾಲದೆಂದು ಟೋಬಿಯಾಸ್ ಹನೂಸ್ಯಾಕ್‌ನನ್ನು ನೀವು ಮನೆಗೆ ಕಳಿಸಿದಿರಿ. ಅವನ ಜೊತೆಗೇ ಕಾಲೇಜು ಮುಗಿಸಿ, ಅವನ ಜೊತೆಗೇ ಸಾಸ್ಕಟೂನಿನ ನಿಮ್ಮ ಕೃಷಿಯಂತ್ರಗಳ ಕಾರ್ಖಾನೆಗೆ ಸೇರಿದ ಎಂಜಿನಿಯರ್ ನಾನು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕಚೇರಿಯಲ್ಲಿ ಕೇಳಿದರೆ ಉತ್ತರವಿಲ್ಲ. ಆದ್ದರಿಂದ ಊರಿನ ಪತ್ರಿಕೆಯಲ್ಲೇ ಕೇಳುತ್ತಿದ್ದೇನೆ: ಸಂವಹನವೆಂದರೆ ಏನು ಸ್ವಾಮಿ?

ಟೋಬಿಯಾಸ್ ತೊದಲುತ್ತಾನೆ. ಸಂದರ್ಶನದಲ್ಲಿ ಅದನ್ನು ಕೇಳಿಯೂ ನೀವು, ಇಲ್ಲಿ ಎಲ್ಲರ ದನಿಗೂ ಬೆಲೆಯಿದೆ ಎಂದು ಬೆನ್ನು ತಟ್ಟಿದ್ದಿರಿ. ಆ ಬೆಲೆ ಎಷ್ಟೆಂದು ಕಳೆದ ತಿಂಗಳು ತಿಳಿಯಿತು. ಗೋಧಿ ಬೆಳೆಯುವ ಸಾಚಿನ್ ದಂಪತಿ ಧಾನ್ಯ ಮೇಲೆತ್ತುವ ಯಂತ್ರ ನೋಡಲು ಬಂದಿದ್ದರು. ಅದರ ಉದ್ದನೆಯ ಕೊಳವೆ ಉಕ್ಕಿನ ಹಗ್ಗದ ಆಧಾರದಲ್ಲಿ ಮೇಲೆದ್ದು ನಿಂತಿತ್ತು. ನಮ್ಮ ಮೇಲಧಿಕಾರಿ ಗ್ರೆಗ್ ಅದರಡಿಯಲ್ಲೇ ಅವರನ್ನು ನಿಲ್ಲಿಸಿ ವರ್ಣಿಸುತ್ತಿದ್ದರು. ಹಗ್ಗದ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದುದು ಟೋಬಿಯಾಸ್‌ನ ಕಣ್ಣಿಗೆ ಬಿತ್ತು.

"ಗ್ರೆಗ್, ಹ... ಹ... ಹ..."

"ಏನಪ್ಪಾ, ನಗ್ತಿದೀಯಾ? ಒಂದೇ ವಾಕ್ಯದಲ್ಲಿ ಹೇಳು. ಹಿಮ ಬೀಳೋದ್ರೊಳಗೆ ಮುಗಿಸು!"

ಟೋಬಿಯಾಸ್ ಹೇಳುವುದನ್ನು ಬಿಟ್ಟ. ಓಡಿಹೋಗಿ ದಂಪತಿಯ ಕೋಟು ಹಿಡಿದು ಇಬ್ಬರನ್ನೂ ಆಚೆಗೆ ಎಳೆದ. ಗ್ರೆಗ್ ಬೈಯುತ್ತಾ ಅವನ ಹಿಂದೆಯೇ ಧಾವಿಸಿದರು. ಹಗ್ಗ ಹರಿಯಿತು. ಅವರೆಲ್ಲ ನಿಂತಿದ್ದ ಜಾಗದ ಮೇಲೇ ಕೊಳವೆ ಬಿತ್ತು.

"ಕೋಟಿನ ತೋಳೇ ಕಿತ್ತುಬಿಟ್ಯಲ್ಲೋ ಮಾರಾಯ!" ಎಂದರು ನೆಲದ ಮೇಲೆ ಕೂತಿದ್ದ ಶ್ರೀಮತಿ ವರ್ನಾ ಸಾಚಿನ್. ಆಮೇಲೆ ತಿರುಗಿ ಕೊಳವೆ ನೋಡಿದರು. ಅವನ ಕೈ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ.

ನಿಮ್ಮ ವರದಿಯೋ? ಟೋಬಿಯಾಸ್‌ನದು "ಗ್ರಾಹಕರೊಡನೆ ಒರಟು ವರ್ತನೆ, ಅಪಾಯವನ್ನು ಸ್ಪಷ್ಟ ಮಾತಿನಲ್ಲಿ ತಿಳಿಸುವಲ್ಲಿ ವೈಫಲ್ಯ". ಗ್ರೆಗ್‌ರದು "ಒತ್ತಡದಲ್ಲೂ ಲವಲವಿಕೆ". ಆಹಾ! ಸತ್ತವರ ಮುಂದೆಯೂ ಅವರು ಲವಲವಿಕೆಯಿಂದಲೇ ಮಾತಾಡುತ್ತಿದ್ದರೇನೋ.

ಮೊನ್ನೆ ಟೋಬಿಯಾಸ್‌ನನ್ನು ನೋಡಲು ಹೋಗಿದ್ದೆ. "ಅವರು ಹ... ಹೇಳಿದ್ದು ಸರಿ ಇರ್ಬೋದು ಕಣೇ ಮಾರ್ಲೀಸ್. ನಾನು ಬೇಗ ಹೇಳ್ಬೇಕಿತ್ತು" ಎಂದ. ಕೆಲಸ ಕಿತ್ತುಕೊಂಡದ್ದಕ್ಕಿಂತ ಇದು ನನ್ನನ್ನು ಹೆಚ್ಚು ಉರಿಸುತ್ತದೆ: ಅವನು ನಿಮ್ಮ ಮಾತನ್ನು ನಂಬಿಬಿಟ್ಟಿದ್ದಾನೆ.

ಅವನನ್ನು ವಾಪಸು ಕರೆಯಿರಿ. ಆ ವರದಿಯನ್ನು ಹಿಂತೆಗೆದುಕೊಳ್ಳಿ. ಹೊಸಬರಿಗೆ ಮಾತು ಕಲಿಸುವ ಮೊದಲು, ಎದುರಿಗಿರುವವನು ಒಂದು ಪದ ಮುಗಿಸುವ ತನಕ ಬಾಯಿ ಮುಚ್ಚಿಕೊಂಡಿರುವುದನ್ನು ನಿಮ್ಮ ಅಧಿಕಾರಿಗಳಿಗೆ ಕಲಿಸಿ.

ಇಂತಿ,
ಸ್ಪಷ್ಟವಾಗಿ ಮಾತಾಡುತ್ತಾಳೆಂದು ನೀವೇ ಮೆಚ್ಚಿ ಕಾಯಂ ಮಾಡಿಕೊಂಡು, ಈಗ ಬಹುಶಃ ಪರಿತಪಿಸುತ್ತಿರುವ ನಿಮ್ಮ ಉದ್ಯೋಗಿ,
ಮಾರ್ಲೀಸ್ ಪೆನ್ನರ್