ಹನ್ನೆರಡನೆಯ ಪುಟದ ಕೊಠಡಿ

ಸೋಸುಮನೆ, ಗದಗ ಸೀಮೆ
ಫೆಬ್ರವರಿ 30, 2190

ಪ್ರೀತಿಯ ನೀಲಾಂಬಿಕೆ ಅಜ್ಜಿಗೆ,

ತಾರೀಖು ತಪ್ಪಿಲ್ಲ, ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನಗಳಿಗೆ ಹೆಸರಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಾನು ಶಾಲೆಗೆ ಹೋದವಳಲ್ಲ. ನಿಮ್ಮ ವಿಶ್ವವಿದ್ಯಾಲಯದ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ವಾರ್ಷಿಕ ವರದಿಯೊಂದು ಮನೆಯ ಟ್ರಂಕಿನಲ್ಲಿತ್ತು. ಅದರ ಅಕ್ಷರ ಕೂಡಿಸಿಕೊಂಡೇ ಓದು ಕಲಿತೆ. ನೀವು ನನ್ನ ಅಜ್ಜಿಯ ಅಜ್ಜಿ. ಆದರೆ ವರದಿಯ ಫೋಟೊದಲ್ಲಿ ನಿಮಗೆ ಮೂವತ್ತೆರಡು, ನನಗೀಗ ಎಪ್ಪತ್ತೊಂದು. ಅಜ್ಜಿ ಅನ್ನಲೋ ಮಗಳೇ ಅನ್ನಲೋ ತಿಳಿಯದು.

ಸೋಸುಮನೆ ಎಂದರೆ ಬೋರಿನ ನೀರನ್ನು ಪೊರೆಯ ಹಾಳೆಯಲ್ಲಿ ಹಾಯಿಸಿ ಫ್ಲೋರೈಡ್ ತೆಗೆಯುವ ಜಾಗ. ಬೆಳಿಗ್ಗೆ ಮನೆಗೊಬ್ಬರು ಕೊಡ ಹಿಡಿದು ಬರುತ್ತಾರೆ. ಹತ್ತರಿಂದ ಐದರವರೆಗೆ ನೆರಳೊತ್ತು, ಅಂದರೆ ಬಿಸಿಲಿಗೆ ಯಾರೂ ಹೊರಬೀಳಬಾರದ ಹೊತ್ತು. ಹಾಳೆಗಳು ಮೊದಲು ಕರಾವಳಿಯಿಂದ ಬರುತ್ತಿದ್ದವು. ದಾರಿ ಮುಚ್ಚಿ ನಾಲ್ಕು ವರ್ಷವಾಯಿತು. ಉಳಿದ ಒಂದೇ ಹಾಳೆ ಅಂಚಿನಲ್ಲಿ ಕಿತ್ತುಬರುತ್ತಿದೆ. ಸೋಸದ ನೀರು ಕುಡಿದು ಬೆಳೆದ ನನ್ನ ಮೊಣಕಾಲು ಮಡಚುವುದಿಲ್ಲ. ಮೊಮ್ಮಗಳು ಸಿರಿಗೌರಿಗೆ ಈಗಷ್ಟೇ ಹೊಸ ಹಲ್ಲು ಬರುತ್ತಿವೆ.

ಹಾಗಾಗಿ ಹಾಳೆಯನ್ನು ನಾವೇ ಮಾಡಲು ಕೂತೆವು. ವಿಧಾನ ನಿಮ್ಮ ವರದಿಯ ಹನ್ನೆರಡನೆಯ ಪುಟದಲ್ಲಿದೆ. ಕೆಲಸಕ್ಕೆ ಕೈ ಹಚ್ಚುವ ಮುನ್ನ ಅದನ್ನು ಗಟ್ಟಿಯಾಗಿ ಓದುವುದು ನಮ್ಮ ರೂಢಿ, ಒಂದಕ್ಷರ ಮೀರುವುದಿಲ್ಲ. “ಕೊಠಡಿಯ ಉಷ್ಣತೆಯಲ್ಲಿ ಆರಿಸಬೇಕು” ಎಂದಿದೆ. ಆರಿಸಿದೆವು, ಬಿರಿಯಿತು. ಒಂಬತ್ತನೆಯದೂ ಹಪ್ಪಳದಂತೆ ಬಿರಿದಾಗ ಜೊತೆಯಲ್ಲಿ ದುಡಿಯುವ ಶಾಂತವೀರ ನಕ್ಕೇಬಿಟ್ಟ: “ಅಕ್ಕಾ, ಯಾರ ಖೋಲಿ ಅಂತ ಕೇಳೇವೇನ ನಾವು? ನಮ್ಮ ಖೋಲ್ಯಾಗ ನಲವತ್ಮೂರು ಡಿಗ್ರಿ ಐತಿ. ನಿಮ್ಮಜ್ಜಿ ಫ್ಯಾನ್ ಕೆಳಗ ತಣ್ಣಗ ಕುಂತು ಬರದಾಳ!”

ಹಾಳೆ ಆರಿಸಲು ನೆಲದಡಿಯ ಗುಂಡಿಯೊಂದಿದೆ, ಅದನ್ನು ಬೇಕಾದಷ್ಟು ತಂಪು ಮಾಡಬಲ್ಲೆವು. ಎಷ್ಟು ಬೇಕೆಂಬುದೇ ಗೊತ್ತಿಲ್ಲ. ಇಪ್ಪತ್ತೋ, ಮೂವತ್ತೋ? ಹಾಳೆ ಮಾಡುವ ಅಂಟು ಇನ್ನೊಂದೇ ಸಲಕ್ಕಾಗುವಷ್ಟಿದೆ.

ಪುಟದ ಕೊನೆಯಲ್ಲಿ “ಅನುದಾನದ ಅವಧಿ ಮುಗಿದಿದೆ, ಉಳಿದ ವಿವರ ಮುಂದಿನ ಯೋಜನೆಯಲ್ಲಿ” ಎಂದಿದೆ. ಅದೇ ವರದಿಯಲ್ಲಿರುವ ಮುಂದಿನ ವರ್ಷದ ಯೋಜನೆಗಳ ಪಟ್ಟಿಯಲ್ಲಿ ಬ್ಯಾಟರಿ ಇದೆ, ಬಣ್ಣವಿದೆ, ಮಾತ್ರೆಯ ಲೇಪವಿದೆ. ನೀರಿನ ಪೊರೆ ಇಲ್ಲ. ಬ್ಯಾಟರಿ ಬೇಡವೆನ್ನಲಾರೆ, ನಮ್ಮ ಗುಂಡಿ ತಂಪಾಗುವುದೇ ಅದರಿಂದ. ಆದರೆ ನೀರಡಿಕೆ ಮುಗಿಯದೆ ನೀರಿನ ಅನುದಾನದ ಅವಧಿ ಹೇಗೆ ಮುಗಿಯಿತು? ಎಷ್ಟು ಓದಿದರೂ ತಲೆಗೆ ಹೋಗದು. ನಿಮ್ಮನ್ನು ಬೈಯುತ್ತಿಲ್ಲ ತಾಯಿ. ಕೊಡುವವರು ಬೇರೆ, ಮಾಡುವವರು ಬೇರೆ ಇದ್ದಿರಬೇಕು.

ವರದಿ ಅಚ್ಚಿಗೆ ಹೋಗುವ ಮುನ್ನ ಈ ಕಾಗದ ಮುಟ್ಟಿದರೆ, ನಿಮ್ಮ ಗೋಡೆಯ ಥರ್ಮಾಮೀಟರ್ ನೋಡಿ ಆ ಸಂಖ್ಯೆಯನ್ನು ಬರೆದುಬಿಡಿ. ಅಷ್ಟಕ್ಕೆ ಅನುದಾನ ಬೇಡವಲ್ಲ? ನೀವು ಅಲ್ಲಿ ಬರೆದದ್ದು ಇಲ್ಲಿ ಈಗ ಮೂಡಬೇಕೋ, ಮೊದಲೇ ಮೂಡಿರಬೇಕಿತ್ತೋ, ಅದೂ ಗೊಂದಲವೇ. ದಿನಾ ಬೆಳಿಗ್ಗೆ ಪುಟ ತೆರೆದು ನೋಡುತ್ತೇನೆ. ಹಳೆಯ ಹಾಳೆ ಸೋಮವಾರದವರೆಗೆ ತಡೆದೀತು.

ನಿಮ್ಮ ಮೊಮ್ಮಗಳ ಮೊಮ್ಮಗಳು,
ಶಿವಲೀಲೆ